ಮನೆಯವರ ಚಿತ್ರ ಯಾರ ಸೊತ್ತು?



ಕಳೆದ ತಪಸ್ಸುಕಾಲದ ಒಂದು ಸಂಜೆ, ಬಲಿಪೂಜೆ ಮುಗಿದು ದೇವಾಲಯದ ದೀಪಗಳನ್ನು ಆರಿಸುವ ಹೊತ್ತಿಗೆ, ನನ್ನ ಪರಿಚಯದ ಅಧ್ಯಾಪಕರೊಬ್ಬರು ಗುರುಮನೆಯ ಜಗಲಿಗೆ ಬಂದು ಕುಳಿತರು. ಅವರು ಪಟ್ಟಣದ ಕಾಲೇಜೊಂದರಲ್ಲಿ ಡಿಜಿಟಲ್ ಮಾಧ್ಯಮವನ್ನು ಬೋಧಿಸುವವರು. ಕ್ಯಾಮೆರಾ ಹಿಡಿಯುವ ಬಗೆ, ಧ್ವನಿಯನ್ನು ದಾಖಲಿಸುವ ಬಗೆ, ದಾಖಲಿಸಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವ ಬಗೆ, ಇವು ಅವರ ಪಾಠಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ಪ್ರೀತಿಯಿಂದಲೇ ಮಾಡಿದ ಕೆಲಸವೂ ತಪ್ಪಾಗಿರಬಹುದೇ?" ಎಂದು ಕೇಳಿದರು. ಅದು ಪಾಪನಿವೇದನೆಯ ಮಾತಾಗಿರಲಿಲ್ಲ. ಆಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು, ಬರೆದುದನ್ನು ಅವರಿಬ್ಬರಿಗೂ ಓದಿ ತೋರಿಸಿದ ಬಳಿಕವೇ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಅವರ ಮನೆಯ ಬಗ್ಗೆ ಎರಡು ಮಾತು ಹೇಳಬೇಕು. ಮಾಧ್ಯಮವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ತಲೆ ತಗ್ಗಿಸಿ ಮೊಬೈಲು ಹಿಡಿದು ಕುಳಿತ, ಪರಸ್ಪರ ಮಾತನಾಡದ ಕುಟುಂಬದ ಚಿತ್ರ. ಅಂಥ ಕುಟುಂಬಗಳನ್ನು ನಾನೂ ನೀವೂ ಕಂಡಿದ್ದೇವೆ. ಈ ಮನೆ ಹಾಗಲ್ಲ. ಅಲ್ಲಿನ ಕಪಾಟಿನಲ್ಲಿ ಹಳೆಯ ಕ್ಯಾಮೆರಾಗಳ ಒಂದು ಸಾಲೇ ಇದೆ. ನೆರೆಹೊರೆಯವರ ಮದುವೆಯ ವಿಡಿಯೊ ಕ್ಯಾಸೆಟ್ಟುಗಳು ಬೂಸ್ಟು ಹಿಡಿದು ಹಾಳಾಗುವ ಮುನ್ನ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅಧ್ಯಾಪಕರ ಭಾನುವಾರದ ಹವ್ಯಾಸ. ಅದಕ್ಕಾಗಿ ಯಾರಿಂದಲೂ ಹಣ ಪಡೆದವರಲ್ಲ. ಶಬ್ದಗಳನ್ನು ಸಂಗ್ರಹಿಸುವ ಚಟವೂ ಅವರಿಗಿದೆ. ಹೆಂಚಿನ ಮೇಲೆ ಬೀಳುವ ಜೂನ್ ತಿಂಗಳ ಮಳೆ, ಬಾವಿಯ ರಾಟೆಯ ಕಿರಿಗುಟ್ಟುವಿಕೆ, ಇವೆಲ್ಲ ಅವರ ಬಳಿ ದಿನಾಂಕ ಸಹಿತ ಇವೆ. ಬರಿದಾದ ಕೋಣೆಯ ಮೌನವನ್ನೂ ದಾಖಲಿಸಬೇಕಾಗುತ್ತದೆ ಎಂದು ಅವರಿಂದಲೇ ನಾನು ಕಲಿತೆ. ಪ್ರತಿಯೊಂದು ಕೋಣೆಯ ಮೌನಕ್ಕೂ ತನ್ನದೇ ಆದ ಸಣ್ಣ ಗುಂಯ್‌ಗುಡುವಿಕೆ ಇರುತ್ತದೆಯಂತೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ಅದನ್ನು ಹಿಡಿದಿಟ್ಟುಕೊಂಡರೆ ಮಾತಿನ ನಡುವೆ ಕತ್ತರಿಸಿದ ಜಾಗಗಳನ್ನು ಅದರಿಂದ ತುಂಬಬಹುದಂತೆ. ಮೌನದ ಬಗ್ಗೆ ಹಲವು ಧ್ಯಾನಕೂಟಗಳನ್ನು ನಡೆಸಿರುವ ನನಗೆ ಈ ಸಂಗತಿ ತಿಳಿದಿರಲಿಲ್ಲ.

ಅವರ ಮಗಳು ಐದನೆಯ ತರಗತಿಯವಳು. ಅಪ್ಪ ಮಗಳು ಸೇರಿ ಹುಣಸೆ ಬೀಜಗಳನ್ನು ಇರುವೆಗಳನ್ನಾಗಿ ಮಾಡಿ ಒಂದು ಪುಟ್ಟ ಚಲನಚಿತ್ರ ತಯಾರಿಸುತ್ತಿದ್ದರು. ಬೀಜಗಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಸಿನಿಮಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಓಡುತ್ತವೆ. ಪ್ರತಿ ಚಿತ್ರವನ್ನು ಎರಡೆರಡು ಸಲ ಬಳಸಿಕೊಂಡರೂ ಸೆಕೆಂಡಿಗೆ ೧೨ ಚಿತ್ರಗಳು ಬೇಕು. ಇರುವೆಗಳು ಕೇವಲ ಹತ್ತು ಸೆಕೆಂಡು ನಡೆಯಬೇಕಾದರೆ ೧೨೦ ಸಲ ಬೀಜಗಳನ್ನು ಸರಿಸಬೇಕು. ಹತ್ತು ವರ್ಷದ ಮಗುವೊಂದು ರಾತ್ರಿ ಊಟವಾದ ಮೇಲೆ ಅಷ್ಟು ತಾಳ್ಮೆಯಿಂದ ತಂದೆಯ ಜೊತೆ ನೆಲದ ಮೇಲೆ ಬೋರಲು ಮಲಗಿ ಕೆಲಸ ಮಾಡುವುದನ್ನು ಕಂಡರೆ, ಮಾಧ್ಯಮದ ವಿರುದ್ಧ ನಾವು ಪ್ರಬೋಧನೆಗಳಲ್ಲಿ ಆಡುವ ಮಾತುಗಳನ್ನು ಸ್ವಲ್ಪ ತಿದ್ದಿಕೊಳ್ಳಬೇಕೆನಿಸುತ್ತದೆ.

ಆ ಮನೆಯಲ್ಲಿ ಅಧ್ಯಾಪಕರ ತಾಯಿಯೂ ಇದ್ದರು. ಕೊನೆಯ ಎರಡು ವರ್ಷ ಮರೆವಿನ ಕಾಯಿಲೆ ಅವರನ್ನು ಆವರಿಸಿತ್ತು. ಮೊದಲು ದಿನಗಳನ್ನು, ಆಮೇಲೆ ಹೆಸರುಗಳನ್ನು, ಕಡೆಗೆ ತಾವು ಹೆತ್ತ ಮಗನನ್ನೇ ಮರೆತರು. ಮಗನಾದವನು ತನಗೆ ತಿಳಿದ ವಿದ್ಯೆಯಿಂದಲೇ ತಾಯಿಯನ್ನು ಹಿಡಿದಿಟ್ಟುಕೊಳ್ಳಲು ಯತ್ನಿಸಿದರು: ಆಕೆ ಮಾತನಾಡುವುದನ್ನು, ತಿನ್ನುವುದನ್ನು, ಕಿಟಕಿಯ ಬಳಿ ಕೂರುವುದನ್ನು ಚಿತ್ರಿಸಿದರು. ಅವುಗಳ ಪೈಕಿ ನಲವತ್ತು ಸೆಕೆಂಡುಗಳ ಒಂದು ತುಣುಕು ಅವರ ಪಾಲಿಗೆ ಅನರ್ಘ್ಯವಾಗಿತ್ತು. ಕಿಟಕಿಯಿಂದ ಬರುವ ಬೆಳಗಿನ ಬೆಳಕು ಮುಖದ ಒಂದು ಪಾರ್ಶ್ವವನ್ನಷ್ಟೇ ಬೆಳಗಿದೆ. ತಾಯಿ ಮಗನನ್ನು ಪರಕೀಯನೆಂದು ಬಗೆದು ಏನನ್ನೋ ಕೇಳುತ್ತಾರೆ. ಏನು ಕೇಳಿದರೆಂದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ತಾಯಿ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಅವರು ಆ ತುಣುಕನ್ನು ತರಗತಿಯಲ್ಲಿ ತೋರಿಸಿದರು. ಕಿಟಕಿಯ ಬೆಳಕಿನಲ್ಲಿ ಮುಖವನ್ನು ಹೇಗೆ ಚಿತ್ರಿಸಬೇಕೆಂಬುದು ಅಂದಿನ ಪಾಠವಾಗಿತ್ತು. ವಿದ್ಯಾರ್ಥಿಗಳು ಕಣ್ಣೊರೆಸಿಕೊಂಡರು. ಇದನ್ನು ಕಿರುಚಿತ್ರ ಸ್ಪರ್ಧೆಗೆ ಕಳುಹಿಸಿ ಸರ್ ಎಂದರು. ಸಂತೋಷದಿಂದ ಮನೆಗೆ ಬಂದು ಪತ್ನಿಗೆ ತಿಳಿಸಿದಾಗ ಆಕೆ ಒಂದೇ ಮಾತು ಹೇಳಿದರಂತೆ: "ಹೊರಗಿನವರು ಬಂದರೆ ಅತ್ತೆ ಸೆರಗು ಸರಿಮಾಡಿಕೊಳ್ಳದೆ ಒಂದು ದಿನವೂ ಹೊರಗೆ ಬಂದವರಲ್ಲ."

ಆ ಮಾತು ತಾಯಿಯ ಮರಣದ ನಂತರವೂ ಅವರನ್ನು ಬಿಟ್ಟಿರಲಿಲ್ಲ. ಜಗಲಿಯಲ್ಲಿ ಕುಳಿತು ಅವರು ಕೇಳಿದ್ದು ಇದನ್ನೇ. ನನಗೆ ಆ ಸಂಜೆ ಉತ್ತರ ತೋಚಲಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದಿದವನಿಗೆ ಉದ್ದೇಶ, ಕೃತ್ಯ, ಸಂದರ್ಭಗಳೆಂಬ ಮೂರು ಮಾಪಕಗಳು ಬಾಯಿಪಾಠವಾಗಿರುತ್ತವೆ. ಉದ್ದೇಶ ಒಳ್ಳೆಯದು, ಪಾಠದ ಸಂದರ್ಭವೂ ಒಳ್ಳೆಯದೇ. ಚಿತ್ರ ತೋರಿಸುವ ಕೃತ್ಯದಲ್ಲಿ ಸ್ವತಃ ಕೇಡೇನೂ ಇಲ್ಲ. ಹೀಗೆ ಲೆಕ್ಕ ಸರಿಹೋದರೂ ಸೊಸೆಯ ಮಾತು ಮಾತ್ರ ಲೆಕ್ಕದ ಹೊರಗೇ ಉಳಿಯಿತು.

ಸೆರಗಿನ ವಿಷಯವನ್ನೇ ಸ್ವಲ್ಪ ಯೋಚಿಸೋಣ. ಆ ಮನೆಯ ಕಪಾಟಿನಲ್ಲಿ ಅಧ್ಯಾಪಕರ ತಂದೆ ಬಳಸುತ್ತಿದ್ದ ಅಗ್ಫಾ ಕ್ಲಿಕ್ ಕ್ಯಾಮೆರಾ ಇದೆ. ಒಂದು ರೋಲು ಹಾಕಿದರೆ ಹನ್ನೆರಡೇ ಚೌಕ ಚಿತ್ರಗಳು. ರೋಲಿಗೆ ಹಣ, ತೊಳೆಸಲು ಹಣ, ಮುದ್ರಿಸಲು ಹಣ. ಆದ್ದರಿಂದ ಹಬ್ಬಕ್ಕೋ ಮದುವೆಗೋ ಮೊದಲ ಪರಮಪ್ರಸಾದಕ್ಕೋ ಒಂದು ಚಿತ್ರ ತೆಗೆಯಬೇಕಾದರೆ ಮನೆಮಂದಿಗೆಲ್ಲ ಮುಂಚಿತವಾಗಿ ಸುದ್ದಿ ತಿಳಿಯುತ್ತಿತ್ತು. ಮಕ್ಕಳ ತಲೆ ಬಾಚಬೇಕು. ಹೆಂಗಸರು ಒಳಗೆ ಹೋಗಿ ಸೀರೆ ಬದಲಿಸಿ ಬರಬೇಕು. ಎಲ್ಲರೂ ಬೆಳಕಿಗೆ ಮುಖಮಾಡಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಹಳೆಯ ಚಿತ್ರಗಳಲ್ಲಿ ಎಲ್ಲರೂ ಮರದ ಬೊಂಬೆಗಳಂತೆ ನಿಂತಿದ್ದಾರೆಂದು ನಾವು ನಗುತ್ತೇವೆ. ಆದರೆ ಹಾಗೆ ನಿಲ್ಲುವುದೇ ಒಂದು ಬಗೆಯ ಒಪ್ಪಿಗೆಯಾಗಿತ್ತು. 'ಹೀಗೆ ಕಾಣಿಸಿಕೊಳ್ಳಲು ನಾನು ಸಿದ್ಧ' ಎಂದು ದೇಹವೇ ಹೇಳುತ್ತಿತ್ತು. ಆ ತಾಯಿಯ ಯೌವನದ ಮೂರೇ ಮೂರು ಚಿತ್ರಗಳಿವೆ. ಮೂರರಲ್ಲಿಯೂ ಸೆರಗು ನೆಟ್ಟಗಿದೆ, ದೃಷ್ಟಿ ಕ್ಯಾಮೆರಾದ ಕಡೆಗಿದೆ.

ಇಂದಿನ ಮೊಬೈಲು ಸೆಕೆಂಡಿಗೆ ೩೦ ಚಿತ್ರಗಳಂತೆ ಹಿಡಿದರೆ ಆ ನಲವತ್ತು ಸೆಕೆಂಡುಗಳಲ್ಲಿ ೧೨೦೦ ಚಿತ್ರಗಳಾದವು. ಹನ್ನೆರಡಕ್ಕೆ ಸಿದ್ಧತೆ ಬೇಕಿತ್ತು. ಸಾವಿರದ ಇನ್ನೂರಕ್ಕೆ ಎದುರಿಗಿರುವವರ ಅರಿವೂ ಬೇಕಿಲ್ಲ. ಹಣದ ಅಭಾವ ನಮಗೆ ತಿಳಿಯದಂತೆಯೇ ಕಲಿಸಿದ್ದ ಒಂದು ಮರ್ಯಾದೆ ಹಣದ ಅಭಾವದೊಂದಿಗೇ ಹೊರಟುಹೋಯಿತು. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ನನ್ನ ಅಜ್ಜಿಯ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ಆಕೆಯ ಧ್ವನಿ ಹೇಗಿತ್ತೆಂಬುದೂ ಮರೆತುಹೋಗಿದೆ.

ಕಾನೂನು ಇಲ್ಲಿ ನಮಗೆ ಎಷ್ಟು ದೂರ ಜೊತೆ ಬರುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ವಿಷಯವಾಗಿ ಹೂಡಿದ ದಾವೆಯಿಂದಾಗಿ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ೨೦೨೩ರಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯನ್ನು ರಕ್ಷಿಸುವ ಕಾಯಿದೆಯೂ ಬಂದಿತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆವಾರ್ತೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಶಾಸನ ಮಾಡಿದವರು ಮನೆಯ ಹೊಸ್ತಿಲಿನಲ್ಲಿ ಚಪ್ಪಲಿ ಬಿಟ್ಟು ಅಲ್ಲಿಯೇ ನಿಂತುಕೊಂಡಿದ್ದಾರೆ. ಅದು ಸರಿಯೂ ಹೌದು. ತಾಯಿ ಮಗನ ನಡುವೆ ಪೊಲೀಸರು ಬರಬಾರದು. ಬಾರದಿರುವುದರಿಂದಲೇ ಹೊಸ್ತಿಲಿನ ಒಳಗೆ ನಡೆಯುವುದಕ್ಕೆಲ್ಲ ಮನಸ್ಸಾಕ್ಷಿಯೊಂದೇ ಕಾವಲಾಗಬೇಕಾಗುತ್ತದೆ.

ಮೊಬೈಲಿನಲ್ಲಿ ಚಿತ್ರ ಹಂಚುವ ನಮ್ಮ ಈ ಅಭ್ಯಾಸದ ಆರಂಭವೂ ಒಂದು ಕುಟುಂಬದ ಕಥೆಯೇ ಎಂಬುದು ಗಮನಾರ್ಹ. ೧೯೯೭ರ ಜೂನ್ ೧೧ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞರು, ಪತ್ನಿ ಹೆರಿಗೆ ನೋವಿನಲ್ಲಿರುವಾಗಲೇ, ಡಿಜಿಟಲ್ ಕ್ಯಾಮೆರಾ, ಮೊಬೈಲ್ ಫೋನು, ಲ್ಯಾಪ್‌ಟಾಪುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಹುಟ್ಟಿದ ಮಗಳ ಚಿತ್ರವನ್ನು ಸುಮಾರು ಎರಡು ಸಾವಿರ ಮಂದಿ ಪರಿಚಿತರಿಗೆ ಕಳುಹಿಸಿದರು. ಫೋನಿನ ಮೂಲಕ ತತ್‌ಕ್ಷಣ ಹಂಚಲಾದ ಮೊತ್ತಮೊದಲ ಚಿತ್ರವೆಂದು ಅದನ್ನು ಹೇಳುತ್ತಾರೆ. ಆ ತಂದೆಯ ಸಂಭ್ರಮವನ್ನು ದೂಷಿಸುವವರು ಯಾರು? ಮಗು ಹುಟ್ಟಿದಾಗ ನಮ್ಮೂರಿನಲ್ಲಿಯೂ ಸಕ್ಕರೆ ಹಂಚುತ್ತಾರೆ. ಆದರೆ ಸಕ್ಕರೆ ಕರಗಿಹೋಗುತ್ತದೆ, ಚಿತ್ರ ಉಳಿಯುತ್ತದೆ. ಇಂದು ಮಗು ಸ್ನಾನ ಮಾಡುವುದು, ಅಳುವುದು, ಗದರಿಸಿದಾಗ ತುಟಿ ಉಬ್ಬಿಸುವುದು, ಎಲ್ಲವೂ ಊರೂರಿಗೆ ಹೋಗುತ್ತವೆ. ಹದಿನೈದನೆಯ ವಯಸ್ಸಿನಲ್ಲಿ ಆ ಮಗು ತನ್ನ ಸಹಪಾಠಿಗಳ ಕೈಯಲ್ಲಿ ಅದನ್ನು ಕಂಡಾಗ ಏನೆನ್ನುವುದೋ! ಶಿಶುವಿಗೆ ಒಪ್ಪಿಗೆ ನೀಡುವ ಶಕ್ತಿ ಇನ್ನೂ ಬಂದಿಲ್ಲ. ಮರೆವು ಆವರಿಸಿದ ವೃದ್ಧೆಯಿಂದ ಅದು ಆಗಲೇ ಹೊರಟುಹೋಗಿದೆ. ಇಬ್ಬರ ಪರವಾಗಿಯೂ ಮಾತನಾಡಬೇಕಾದವರು ಕ್ಯಾಮೆರಾ ಹಿಡಿದವರೇ. ಪಂಚಾಯಿತಿಕೆಗೆ ಕೂತವನೇ ಕಕ್ಷಿಗಾರನೂ ಆದಂತೆ.

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ನನ್ನ ಹಳೆಯ ಪುಸ್ತಕಗಳಿಗೆ ಮರಳಿದೆ. ತಾಯಿಯ ಖಾಸಗಿ ಬದುಕನ್ನು ಬಯಲಿಗಿಟ್ಟ ಮಗನೊಬ್ಬನನ್ನು ನೀವೆಲ್ಲ ಬಲ್ಲಿರಿ. ಆತನ ಹೆಸರು ಅಗಸ್ಟೀನ್. 'ಕನ್ಫೆಷನ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ಅವರು ತಾಯಿ ಮೋನಿಕಾರ ಬಾಲ್ಯದ ಒಂದು ಗುಟ್ಟನ್ನು ಬರೆಯುತ್ತಾರೆ. ಹುಡುಗಿಯಾಗಿದ್ದಾಗ ದ್ರಾಕ್ಷಾರಸ ತರಲು ಕಳುಹಿಸಿದರೆ ಆಕೆ ಒಂದೊಂದು ಗುಟುಕು ಸವಿಯುತ್ತಿದ್ದರಂತೆ. ಅದು ಬೆಳೆದು ಚಟವಾಗಿ, ಮನೆಯ ಕೆಲಸದಾಕೆ ಜಗಳದ ಭರದಲ್ಲಿ ಕುಡುಕಿ ಎಂದು ಹಂಗಿಸಿದಾಗ ನಾಚಿ ಬಿಟ್ಟುಬಿಟ್ಟರಂತೆ. ಮುಂದೆ ಗಂಡನ ಕೋಪವನ್ನು ಆಕೆ ಸಹಿಸಿದ ರೀತಿಯೂ ಅಲ್ಲಿದೆ. ಸಾವಿರದ ಆರುನೂರಕ್ಕೂ ಹೆಚ್ಚು ವರ್ಷಗಳಿಂದ ಲೋಕವೆಲ್ಲ ಇದನ್ನು ಓದುತ್ತಿದೆ. ಮಗನ ಈ ಕೃತ್ಯ ಸರಿಯೆಂದಾದರೆ ನಮ್ಮ ಅಧ್ಯಾಪಕರದ್ದು ಹೇಗೆ ತಪ್ಪಾದೀತು?

ನಿಧಾನವಾಗಿ ಓದಿದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ದ್ರಾಕ್ಷಾರಸದ ಕಥೆಯನ್ನು ಮಗನಿಗೆ ಹೇಳಿದವರು ಸ್ವತಃ ಮೋನಿಕಾರೇ. ತನ್ನ ಕಥೆಯ ಯಾವ ಭಾಗವನ್ನು ಕೊಡಬೇಕೆಂದು ಕೊಡುವವರೇ ಆರಿಸಿಕೊಂಡಿದ್ದರು. ಎರಡನೆಯದಾಗಿ, ೩೮೭ರಲ್ಲಿ ಓಸ್ತಿಯಾ ಬಂದರಿನಲ್ಲಿ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ ಮೃತ್ಯುಶಯ್ಯೆಯಲ್ಲಿದ್ದಾಗ (ನಾನೂ ಈಗ ಆ ವಯಸ್ಸಿನವನೇ) ಆಕೆ ಮಕ್ಕಳಲ್ಲಿ ಬೇಡಿಕೊಂಡದ್ದು ಒಂದನ್ನೇ: ಶವವನ್ನು ಎಲ್ಲಿ ಬೇಕಾದರೂ ಇಡಿ, ಆದರೆ ಬಲಿಪೀಠದ ಬಳಿ ನನ್ನನ್ನು ಸ್ಮರಿಸಿ. ತನ್ನ ಗ್ರಂಥವನ್ನು ಓದುವವರೆಲ್ಲರೂ ತಾಯಿಯನ್ನು ಸ್ಮರಿಸಬೇಕೆಂದು ಅಗಸ್ಟೀನರು ಆ ಭಾಗದ ಕೊನೆಯಲ್ಲಿ ವಿನಂತಿಸುತ್ತಾರೆ. ಹಾಗಾಗಿ ತಾಯಿಯ ಕಥೆಯನ್ನು ಬರೆದದ್ದು ತಾಯಿಯ ಕೋರಿಕೆಯ ವಿಸ್ತರಣೆಯೇ ಆಗಿತ್ತು. ಗಂಡನ ಕೋಪದ ವಿಚಾರದಲ್ಲಿ ಈ ಸಮಾಧಾನ ನನಗೆ ಅಷ್ಟು ಸಾಲದು. ಸಂತರ ತಪ್ಪನ್ನು ಹುಡುಕುವುದು ನನ್ನ ಕೆಲಸವಲ್ಲ. ಆದರೂ ತಂದೆ ಪತ್ರಿಸಿಯಸ್‌ನನ್ನು ಯಾರೂ ಕೇಳಲಿಲ್ಲವಲ್ಲ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಇನ್ನೊಬ್ಬ ಮಗ ನಮ್ಮ ಕಾಲಕ್ಕೆ ಹತ್ತಿರದವರು. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ ೧೯೭೭ರಲ್ಲಿ ತಾಯಿಯನ್ನು ಕಳೆದುಕೊಂಡರು. ಆಕೆಯ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ, ೧೮೯೮ರಲ್ಲಿ ಐದು ವರ್ಷದ ಬಾಲಕಿಯಾಗಿ ಏಳು ವರ್ಷದ ಅಣ್ಣನ ಜೊತೆ ಗಾಜಿನ ಗಿಡಮನೆಯಲ್ಲಿ ನಿಂತ ಚಿತ್ರವೊಂದರಲ್ಲಿ ಅವರಿಗೆ ತಾಯಿ ನಿಜವಾಗಿ ಸಿಕ್ಕಿದರು. ಛಾಯಾಚಿತ್ರದ ಬಗ್ಗೆ ಅವರು ಬರೆದ, ೧೯೮೦ರಲ್ಲಿ ಪ್ರಕಟವಾದ ಪುಸ್ತಕದ ಹೃದಯವೇ ಆ ಚಿತ್ರ. ಪುಸ್ತಕದಲ್ಲಿ ಇತರ ಅನೇಕ ಚಿತ್ರಗಳಿವೆ. ಆ ಒಂದು ಚಿತ್ರವಿಲ್ಲ. ಅದು ತನಗೆ ಮಾತ್ರ ಇರುವಂಥದು, ಓದುಗರಿಗೆ ನೂರಾರು ಹಳೆಯ ಚಿತ್ರಗಳ ಪೈಕಿ ಮತ್ತೊಂದಾಗಿಬಿಡುತ್ತದೆ ಎಂಬುದು ಅವರ ವಿವರಣೆ. ಬಾರ್ತ್ ನಮ್ಮ ವಿಶ್ವಾಸದ ದಾರಿಯಲ್ಲಿ ನಡೆದವರಲ್ಲ. ಆದರೆ ತಾಯಿಯನ್ನು ಹೀಗೆ ಮುಚ್ಚಿ ಕಾಪಾಡಿದ್ದನ್ನು ಓದಿದಾಗ ನಾನು ಪುಸ್ತಕವನ್ನು ಮಡಚಿ ಸ್ವಲ್ಪ ಹೊತ್ತು ಕುಳಿತೆ.

ಈ ಇಬ್ಬರು ಮಕ್ಕಳ ಕಥೆಯನ್ನು ಅಧ್ಯಾಪಕರಿಗೆ ಹೇಳಿದಾಗ ಅವರು ಸುಲಭವಾಗಿ ಒಪ್ಪಲಿಲ್ಲ. ಅವರ ಪ್ರತಿವಾದವನ್ನು ನಿಮಗೆ ತಿಳಿಸದಿದ್ದರೆ ಅನ್ಯಾಯವಾದೀತು. "ಅಂದು ತರಗತಿಯ ನಂತರ ಇಬ್ಬರು ವಿದ್ಯಾರ್ಥಿಗಳು ನನ್ನ ಬಳಿ ಉಳಿದರು ಫಾದರ್. ಅವರ ಮನೆಗಳಲ್ಲಿಯೂ ಇಂಥ ಅಜ್ಜಿಯರಿದ್ದಾರೆ. ಒಬ್ಬನ ಮನೆಯಲ್ಲಿ ನೆಂಟರು ಬಂದರೆ ಅಜ್ಜಿಯನ್ನು ಒಳಗೆ ಹಾಕಿ ಬಾಗಿಲು ಹಾಕುತ್ತಾರಂತೆ. ಇದು ಕಾಯಿಲೆ, ಅವಮಾನವಲ್ಲ ಎಂದು ಅವನಿಗೆ ಅಂದೇ ಮೊದಲು ಅನ್ನಿಸಿದ್ದು. ಎಲ್ಲರೂ ಮುಚ್ಚಿಟ್ಟರೆ ಅಂಥವರ ಗತಿಯೇನು?" ಎಂದು ಅವರು ಕೇಳಿದರು. ಈ ಮಾತಿಗೆ ತೂಕವಿದೆ. ಮಾನವನ್ನು ಕಾಪಾಡುವ ಹೆಸರಿನಲ್ಲಿ ಮನುಷ್ಯರನ್ನೇ ಕತ್ತಲೆಯಲ್ಲಿಡುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ವ್ಯಾಧಿಷ್ಠರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾನು ಕಂಡಿದ್ದೇನೆ. ತೋರಿಸುವುದೇ ಪಾಪವೆಂದರೆ ಆ ಅಜ್ಜಿಯ ಬಾಗಿಲು ತೆರೆಯುವುದೇ ಇಲ್ಲ.

ಆದರೂ ನನ್ನ ಮನಸ್ಸು ಸೊಸೆಯ ಕಡೆಗೇ ವಾಲುತ್ತದೆ. ಆ ಹುಡುಗನಿಗೆ ಬೇಕಾಗಿದ್ದುದು ಕಾಯಿಲೆಯ ಬಗ್ಗೆ ಧೈರ್ಯದ ಮಾತು. ಅದನ್ನು ಮಗನೇ ತನ್ನ ಬಾಯಿಂದ, ತನ್ನ ದುಃಖವನ್ನು ಬಯಲಿಗಿಟ್ಟು ಹೇಳಬಹುದಿತ್ತು. ಕಣ್ಣೀರು ತನ್ನದಾದರೆ ಹಂಚಲು ಅಧಿಕಾರವಿದೆ. ಮರೆವು ಬರುವುದಕ್ಕೆ ಮುಂಚೆ ಆ ತಾಯಿ ಎಪ್ಪತ್ತು ವರ್ಷಗಳ ಕಾಲ ಪ್ರತಿದಿನ ಸೆರಗು ಸರಿಪಡಿಸಿಕೊಂಡು ಬಾಗಿಲು ತೆರೆದಿದ್ದರು. ಒಪ್ಪಿಗೆ ಕೇಳಲು ಈಗ ಆಕೆಯಿಲ್ಲ ಎನ್ನುತ್ತೇವೆ. ಆಕೆ ಎಪ್ಪತ್ತು ವರ್ಷ ಉತ್ತರಿಸುತ್ತಲೇ ಇದ್ದರಲ್ಲ. ಬುದ್ಧಿ ಸ್ವಾಧೀನದಲ್ಲಿದ್ದಾಗಿನ ಆ ಹೆಂಗಸನ್ನು ಬಿಟ್ಟು, ಸ್ವಾಧೀನ ತಪ್ಪಿದಾಗಿನ ನಲವತ್ತು ಸೆಕೆಂಡುಗಳನ್ನು ಆಕೆಯ ಮುಖವೆಂದು ಅಪರಿಚಿತರಿಗೆ ಪರಿಚಯಿಸುವುದರಲ್ಲಿ ಪ್ರೀತಿಯ ಕೊರತೆಯಿಲ್ಲ. ಬೇರೆಯದೇ ಒಂದರ ಕೊರತೆಯಿದೆ. ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದುದನ್ನು ಅವರವರಿಗೆ ಸಲ್ಲಿಸುವುದು ಎಂದು ನಮಗೆ ಕಲಿಸಿದ್ದರು. ಅತಿಯಾಗಿ ಪ್ರೀತಿಸುವವರಿಗೆ ಈ ಲೆಕ್ಕ ತಪ್ಪುವುದು ಹೆಚ್ಚು. ನಮ್ಮವರು ನಮ್ಮ ಸೊತ್ತು ಎಂದು ಅವರಿಗೆ ಅನ್ನಿಸಿಬಿಡುತ್ತದೆ.

ಇಷ್ಟು ಬರೆದ ಕೈ ನಿರ್ದೋಷಿಯಲ್ಲ. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ನಾವು ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದೆವು. ನೆರವು ಕೊಟ್ಟವರಿಗೆ ವರದಿ ಕಳುಹಿಸಬೇಕಿತ್ತು. ವರದಿಗೆ ಚಿತ್ರಗಳು ಬೇಕಿದ್ದವು. ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಚೀಲ ಕೊಡುವಾಗ ನಾನು ಕ್ಯಾಮೆರಾ ಕಡೆಗೆ ತಿರುಗಿದೆ, ಅವರಿಗೂ ತಿರುಗಲು ಹೇಳಿದೆ. ಒಂದು ಚಿತ್ರದಲ್ಲಿ ಹೆಂಗಸೊಬ್ಬರು ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಾರೆ. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ದಿನಗಳವು. ರೋಗದ ಭಯವೆಂದೇ ನಾನು ಭಾವಿಸಿದೆ. ಆಕೆಯ ಮುಖಕ್ಕೆ ಮಾಸ್ಕ್ ಆಗಲೇ ಇತ್ತೆಂಬುದನ್ನು ಗಮನಿಸಿದ್ದು ಮೊನ್ನೆ, ಅಧ್ಯಾಪಕರು ಹೋದ ಮೇಲೆ ಆ ಹಳೆಯ ವರದಿಯನ್ನು ತೆಗೆದು ನೋಡಿದಾಗ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾನು ಎಷ್ಟು ಬೂದಿ ಬುಧವಾರಗಳಂದು ಬೋಧಿಸಿದ್ದೇನೋ. ಆಕೆ ಈಗ ಊರು ಬಿಟ್ಟಿದ್ದಾರೆ. ಮಗಳ ಮನೆಗೆ ಹೋದರಂತೆ.

ಅಧ್ಯಾಪಕರು ಆ ತುಣುಕನ್ನು ಸ್ಪರ್ಧೆಗೆ ಕಳುಹಿಸಲಿಲ್ಲ, ಅಳಿಸಿಯೂ ಇಲ್ಲ. ತಾಯಿ ತಮಗೊಬ್ಬರಿಗೇ ಸೇರಿದವರಲ್ಲವೆಂದು ಅಣ್ಣನಿಗೂ ಇಬ್ಬರು ಅಕ್ಕಂದಿರಿಗೂ ವಿಷಯ ತಿಳಿಸಿದ್ದಾರೆ. ವರ್ಷದ ಪೂಜೆಗೆ ಎಲ್ಲರೂ ಸೇರಿದಾಗ ನೋಡಿ ತೀರ್ಮಾನಿಸುವುದೆಂದು ಮಾತಾಗಿದೆ. ದೊಡ್ಡಕ್ಕ ತನಗೆ ನೋಡುವುದೇ ಬೇಡವೆಂದಿದ್ದಾರಂತೆ. ಈ ವರ್ಷ ಕಿಟಕಿಯ ಬೆಳಕಿನ ಪಾಠಕ್ಕೆ ಅವರು ತಾಯಿಯ ಕೈಗಳನ್ನಷ್ಟೇ ಹಿಡಿದ ಬೇರೊಂದು ತುಣುಕನ್ನು ಬಳಸಿದರು. ಅದರಲ್ಲಿ ಆಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಹೆಸರುಗಳೆಲ್ಲ ಮರೆತರೂ ಬೆರಳುಗಳಿಗೆ ಆ ಕೆಲಸ ಕಡೆಯವರೆಗೂ ನೆನಪಿತ್ತಂತೆ. ಇದೂ ಸರಿಯೇ ಎಂದು ಪತ್ನಿಯನ್ನು ಕೇಳಿಯೇ ತೋರಿಸಿದರು.

ಮೊನ್ನೆ ಈ ಲೇಖನವನ್ನು ಓದಿಹೇಳಲು ಅವರ ಮನೆಗೆ ಹೋಗಿದ್ದಾಗ ಇರುವೆಗಳ ಚಿತ್ರ ಎಲ್ಲಿಗೆ ಬಂತೆಂದು ಮಗಳನ್ನು ವಿಚಾರಿಸಿದೆ. ತೊಂಬತ್ತು ಚಿತ್ರಗಳಾಗಿವೆಯಂತೆ, ಆರನೆಯ ಇರುವೆ ಸಾಲು ತಪ್ಪಿದೆಯಂತೆ. ಆದಷ್ಟನ್ನು ತೋರಿಸು ಎಂದೆ. "ಈಗಲೇ ಬೇಡ ಫಾದರ್, ಮುಗಿದ ಮೇಲೆ ನಾನೇ ಹೇಳುತ್ತೇನೆ" ಎಂದು ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟಳು.